ಲೈಸೆನ್ಸಿನಲ್ಲಿ ಕಾಣದ ಗೇರು

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಏರುವ ಹೊತ್ತಿಗೆ ಮುಗಳಖೋಡ, ಹಾರೂಗೇರಿ ಸುತ್ತಲಿನ ತೋಟಗಳಲ್ಲಿ ಒಂದೇ ಹುಡುಕಾಟ: ಡ್ರೈವರ್ ಬೇಕು. ಟ್ರ್ಯಾಕ್ಟರ್ ಇದೆ, ಎರಡು ಟ್ರೇಲರ್ ಇವೆ, ಕಡಿಯುವ ಗ್ಯಾಂಗೂ ಬಂದಿಳಿದಿದೆ, ಹೊಡೆಯುವವನೇ ಇಲ್ಲ. ಮೀಸೆ ಮೂಡಿದ ಹುಡುಗನೊಬ್ಬ ಕಂಡರೆ ಸಾಕು, ಟ್ರ್ಯಾಕ್ಟರಿನ ಮಾಲೀಕ ಕೇಳುವುದು ಎರಡೇ ಪ್ರಶ್ನೆ. ‘ತಮ್ಮಾ, ಗಾಡಿ ಹೊಡಿಯಾಕ ಬರತೈತೇನು?’ ‘ಬರತೈತ್ರಿ ಕಾಕಾ.’ ‘ಡಬಲ್ ಟ್ರೇಲರ್ ರಿವರ್ಸ್?’ ಇಲ್ಲಿ ಹುಡುಗ ತಡವರಿಸಿದನೆಂದರೆ ಮಾತು ಅಲ್ಲಿಗೇ ಮುಗಿಯಿತು. ಲೈಸೆನ್ಸಿನ ಸುದ್ದಿ ಬರುವುದು ಏನಾದರೂ ಆದ ಮೇಲೆ, ವಿಮೆಯವರು ಕಾಗದ ಕೇಳಿದಾಗ.

ಆ ಕಾಕಾನ ಎರಡನೆಯ ಪ್ರಶ್ನೆ ನಮ್ಮ ಕಾನೂನಿಗಿಂತ ಹೆಚ್ಚು ತಿಳಿವಳಿಕೆಯದು ಎಂದು ನನಗೆ ಅನ್ನಿಸುತ್ತದೆ. ಯಾವ ಗಾಡಿ, ಯಾವ ಹೊರೆ, ಯಾವ ಕೆಲಸ ಎಂದು ಅವನು ಕೇಳುತ್ತಾನೆ. ಕಾನೂನು ಕೇಳುವುದಿಲ್ಲ. ನನ್ನ ಜೇಬಿನಲ್ಲಿರುವ ಕಾರ್ಡನ್ನೇ ನೋಡಿ. ‘ಎಂಸಿಡಬ್ಲ್ಯುಜಿ’ ಎಂದು ಒಂದು ಸಾಲು: ಗೇರಿರುವ ಮೋಟರ್ ಸೈಕಲ್. ‘ಎಲ್‌ಎಂವಿ’ ಎಂದು ಇನ್ನೊಂದು: ಲಘು ಮೋಟಾರು ವಾಹನ. 1988ರ ಮೋಟಾರು ವಾಹನ ಕಾಯ್ದೆಯ 10ನೆಯ ಕಲಮು ಎರಡು ಗಾಲಿಯ ಗಾಡಿಗಳನ್ನು ಗೇರಿದ್ದವು, ಗೇರಿಲ್ಲದವು ಎಂದು ಬೇರೆ ಬೇರೆ ಇಟ್ಟಿದೆ. ಸ್ಕೂಟಿಯಲ್ಲಿ ಪರೀಕ್ಷೆ ಕೊಟ್ಟ ಹುಡುಗಿ ಅಣ್ಣನ ಗೇರಿನ ಬೈಕು ಹೊಡೆಯುವ ಹಾಗಿಲ್ಲ. ಆದರೆ ಅದೇ ಹುಡುಗಿ ಕ್ಲಚ್ಚಿಲ್ಲದ ಕಾರಿನಲ್ಲಿ ಪರೀಕ್ಷೆ ಕೊಟ್ಟು ಎಲ್‌ಎಂವಿ ಪಡೆದರೆ ಐದು ಗೇರಿನ ಕಾರನ್ನೂ ಹೊಡೆಯಬಹುದು, ಜೀಪನ್ನೂ ಹೊಡೆಯಬಹುದು. ಅಷ್ಟೇ ಅಲ್ಲ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರೂ ಲಘು ವಾಹನವೇ. ಟ್ರ್ಯಾಕ್ಟರ್ ಹೊಡೆಯುವ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸಿಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿತು. ಎಲ್‌ಎಂವಿ ಇದ್ದವರು 7,500 ಕಿಲೋ ಒಳಗಿನ ಸಾಗಾಣಿಕೆ ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಗಟ್ಟಿ ಮಾಡಿತು. ಅಪಘಾತದಲ್ಲಿ ನೊಂದವರಿಗೆ ವಿಮೆಯ ಹಣ ತಪ್ಪಬಾರದೆಂಬ ಕಡೆಯಿಂದ ನೋಡಿದರೆ ಈ ತೀರ್ಪುಗಳನ್ನು ನಾನು ಆಕ್ಷೇಪಿಸಲಾರೆ. ನನ್ನ ತಕರಾರು ಕೋರ್ಟಿನ ಮೇಲಲ್ಲ, ಕೋರ್ಟಿಗೆ ಹೋಗುವುದಕ್ಕೂ ಮೊದಲಿನ ಹಂತದ ಮೇಲೆ. ಎರಡು ಗಾಲಿಗೆ ಕಂಡ ಗೇರು ನಾಲ್ಕು ಗಾಲಿಗೆ ಯಾಕೆ ಕಾಣಲಿಲ್ಲ?

1988ರಲ್ಲಿ ಕಾಣಬೇಕಾದ ಅಗತ್ಯ ಇರಲಿಲ್ಲ ಎಂಬುದು ಸರಳ ಉತ್ತರ. ಆಗ ನಮ್ಮ ರಸ್ತೆಯ ಮೇಲಿದ್ದ ಅಂಬಾಸಿಡರ್, ಫಿಯಟ್, ಮಾರುತಿ 800, ಜೀಪು ಎಲ್ಲಕ್ಕೂ ಕ್ಲಚ್ಚಿತ್ತು. ಕಾರು ಎಂದರೇ ಗೇರಿನ ಕಾರು. ಗೇರಿಲ್ಲದ್ದು ಲೂನಾ, ಟಿವಿಎಸ್, ಕೈನೆಟಿಕ್ ಹೋಂಡಾ ಇಷ್ಟೇ. ಮರುವರ್ಷ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಓದಿದರೆ ಇದು ಇನ್ನೂ ಸ್ಪಷ್ಟ. ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕೆಂದು 15ನೆಯ ನಿಯಮ ಪಟ್ಟಿ ಕೊಡುತ್ತದೆ: ಒಂದೊಂದೇ ಗೇರು ಹಾಕುತ್ತ ಟಾಪ್ ಗೇರಿಗೆ ಬರುವುದು, ಸಂದಣಿ ಕಂಡಾಗ ಬೇಗ ಕೆಳಗಿನ ಗೇರಿಗೆ ಇಳಿಯುವುದು, ಇಳಿಜಾರಿನಲ್ಲಿ ಕೆಳಗಿನ ಗೇರು ಹಾಕುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಎತ್ತುವುದು. ನಿಯಮ ಬರೆದವರು ಗಾಡಿ ಹೊಡೆಯಲು ಬಲ್ಲವರೇ ಇರಬೇಕು. ಕಾಗದದ ಮೇಲೆ ಆ ಸಾಲುಗಳು ಇವತ್ತಿಗೂ ಇವೆ. ಗೇರು ಹಾಕುವ ಕೆಲಸವೇ ಇಲ್ಲದ ಕಾರಿನಲ್ಲಿ ಬಂದು ಕೂತವನನ್ನು ಈ ಸಾಲುಗಳಿಂದ ಅಳೆಯುವುದು ಹೇಗೆ?

ಇಷ್ಟು ಓದಿದವರಿಗೆ ನಾನು ಗೇರಿನ ಗಾಡಿಯ ಪರ ವಕಾಲತ್ತು ಹಾಕುತ್ತಿದ್ದೇನೆ ಅನ್ನಿಸಬಹುದು. ಸ್ವಲ್ಪ ತಾಳಿ.

ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಹತ್ತು ವರ್ಷ ಗಾಡಿ ಓಡಿಸಿದವನು. ಅಲ್ಲಿ ಹೊಸ ಕಾರುಗಳಲ್ಲಿ ಗೇರಿನವು ನೂರಕ್ಕೆ ಒಂದೆರಡಿದ್ದರೆ ಹೆಚ್ಚು. ಗೇರಿನ ಕಾರಿಗೆ ಅವರು ‘ಸ್ಟಿಕ್ ಶಿಫ್ಟ್’ ಎನ್ನುತ್ತಾರೆ. ಹಿಂದೆ ‘ಸ್ಟ್ಯಾಂಡರ್ಡ್’ ಎನ್ನುತ್ತಿದ್ದರು, ಈಗ ಅದು ಸ್ಟ್ಯಾಂಡರ್ಡೂ ಅಲ್ಲ. ಊರಿಗೆ ಬಂದಾಗ ಹುಡುಗ ಹುರುಪಿನಿಂದ ನಮ್ಮ ಮಾವನ ಹಳೆಯ ಕಾರಿನ ಕೀಲಿ ತೆಗೆದುಕೊಂಡ. ಸೆಲ್ಫ್ ಹೊಡೆದ, ಗೇರು ಹಾಕಿದ, ಕ್ಲಚ್ಚು ಬಿಟ್ಟ. ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಬೇವಿನ ಗಿಡದ ಮುಂದೆ ಸತ್ತು ನಿಂತಿತು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ‘ಅಮೆರಿಕಾದಾಗ ಏನ್ ಹೊಡಿತಿದ್ದ್ಯೋ?’ ಎಂದ ಮಾವ. ಹುಡುಗನೂ ನಕ್ಕ. ಮರುದಿನ ಮಾವ ಹೊಡೆಯುವ ಕಾರಿನಲ್ಲಿ ಅವನು ಪಕ್ಕದಲ್ಲಿ ಕೂತು ಗೋಕಾಕಕ್ಕೆ ಹೋದ. ದಾರಿಯುದ್ದಕ್ಕೂ ನಗಲಿಲ್ಲ. ಎರಡೂ ಕೈಯಿಂದ ಮೇಲಿನ ಹಿಡಿಕೆ ಹಿಡಿದುಕೊಂಡೇ ಇದ್ದ. ಅವನಿರುವ ಊರಿನಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಇಲ್ಲದಿದ್ದರೂ ನಾಲ್ಕೂ ಕಡೆ ‘ಸ್ಟಾಪ್’ ಎಂಬ ಬೋರ್ಡು ಇರುತ್ತದಂತೆ. ನಡುರಾತ್ರಿ, ಒಂದು ನಾಯಿಯೂ ಇಲ್ಲದಿದ್ದರೂ ಪೂರ್ತಿ ನಿಲ್ಲಬೇಕು. ಮೊದಲು ಬಂದವನು ಮೊದಲು ಹೋಗುತ್ತಾನೆ. ನಮ್ಮ ಮಾವ ಮುಗಳಖೋಡ ಕ್ರಾಸಿನಲ್ಲಿ ನಿಂತಿದ್ದನ್ನು ನಾನು ನೋಡಿದ್ದು ಎಮ್ಮೆ ಅಡ್ಡ ಬಂದಾಗ ಮಾತ್ರ.

ಹಾಗಾದರೆ ಈ ಇಬ್ಬರಲ್ಲಿ ಗಾಡಿ ಹೊಡೆಯಲು ಬರುವುದು ಯಾರಿಗೆ?

ನಾವು ಕಟ್ಟೆಯ ಮೇಲೆ ಕೊಡುವ ತೀರ್ಪು ಯಾವಾಗಲೂ ಮಾವನ ಪರ. ಕ್ಲಚ್ಚು ಬಲ್ಲವನೇ ಡ್ರೈವರ್, ಉಳಿದವರದು ಆಟದ ಗಾಡಿ. ‘ಆಟೋಮ್ಯಾಟಿಕ್ ಹೆಣ್ಮಕ್ಕಳ ಗಾಡಿ’ ಎಂಬ ಮಾತೂ ಇದೇ ಕಟ್ಟೆಯಲ್ಲಿ ಹುಟ್ಟಿದ್ದು. ಈ ಮಾತಾಡುವ ಗಂಡಸರು ಒಂದು ಮರೆಯುತ್ತಾರೆ. ಗೇರಿಲ್ಲದ ಸ್ಕೂಟರು ಬರುವ ಮುಂಚೆ ನಮ್ಮ ಶಾಲಾ ಶಿಕ್ಷಕಿಯರು, ನರ್ಸ್‌ಗಳು, ಅಂಗನವಾಡಿಯವರು ಬಸ್ಸಿಗೋ ಟಂಟಂಗೋ ಗಂಟೆಗಟ್ಟಲೆ ಕಾಯುತ್ತಿದ್ದರು. ಇಲ್ಲವೇ ಗಂಡನೋ ತಮ್ಮನೋ ಬಿಟ್ಟುಬರಬೇಕಿತ್ತು. ರಾಯಬಾಗ, ಚಿಕ್ಕೋಡಿಯ ರಸ್ತೆಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಈಗ ಎಷ್ಟು ಸ್ಕೂಟಿಗಳು ಹೋಗುತ್ತವೆ ನೋಡಿ. ಕ್ಲಚ್ಚು ತೆಗೆದದ್ದರಿಂದ ಯಾರ ಮಾನವೂ ಹೋಗಿಲ್ಲ, ಸಾವಿರಾರು ಜನರ ಕಾಲಿಗೆ ದಾರಿ ಸಿಕ್ಕಿದೆ. ಮೊಣಕಾಲು ನೋವಿನ ಹಿರಿಯರಿಗೆ, ಎಡಗಾಲಿಗೆ ಬಲವಿಲ್ಲದವರಿಗೆ ಕ್ಲಚ್ಚಿಲ್ಲದ ಕಾರೂ ಹಾಗೆಯೇ.

ಗೇರು ಗಂಡಸುತನದ ವಿಷಯವಲ್ಲ. ಹೊರೆಯ ವಿಷಯ. ಈ ವ್ಯತ್ಯಾಸ ತಿಳಿಯಬೇಕಾದರೆ ತುಂಬಿದ ಟ್ರ್ಯಾಕ್ಟರಿನ ಹತ್ತಿರವೇ ಹೋಗಬೇಕು.

ಟ್ರ್ಯಾಕ್ಟರ್ ತೂಗುವುದು ಎರಡು ಟನ್ನಿನ ಆಸುಪಾಸು. ಹಿಂದೆ ಕಟ್ಟಿದ ಎರಡು ಟ್ರೇಲರಿನ ಕಬ್ಬು ಹದಿನೈದೋ ಇಪ್ಪತ್ತೋ ಟನ್. ಟ್ರೇಲರಿಗೆ ಸಾಮಾನ್ಯವಾಗಿ ತನ್ನದೇ ಬ್ರೇಕು ಇರುವುದಿಲ್ಲ. ಅಂದರೆ ಇಪ್ಪತ್ತು ಟನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಎರಡು ಟನ್ನಿನ ಯಂತ್ರದ ಹಿಂದಿನ ಎರಡು ಗಾಲಿ. ಟ್ರ್ಯಾಕ್ಟರಿನ ಬ್ರೇಕಿನ ಪೆಡಲೂ ಎರಡು, ಎಡ ಗಾಲಿಗೊಂದು ಬಲ ಗಾಲಿಗೊಂದು. ಹೊಲದ ತುದಿಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಹಾಗೆ ಮಾಡಿದ್ದು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು. ಹಾಕುವುದು ಮರೆತು ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಚಿಕೊಳ್ಳುತ್ತದೆ, ಹಿಂದಿನ ಹೊರೆ ಇನ್ನೊಂದು ಕಡೆ ನುಗ್ಗುತ್ತದೆ. ಹಾಗಾಗಿ ತುಂಬಿದ ಗಾಡಿಗೆ ಇಳಿಜಾರಿನಲ್ಲಿ ನಿಜವಾದ ಬ್ರೇಕು ಗೇರು. ಅದನ್ನೂ ಇಳಿಯುವ ಮೊದಲೇ ಹಾಕಿಕೊಂಡಿರಬೇಕು. ಕಾರಿನ ಹಾಗೆ ಓಡುತ್ತಲೇ ಗೇರು ಇಳಿಸುತ್ತೇನೆಂದರೆ ನಮ್ಮ ಕಡೆಯ ಎಷ್ಟೋ ಟ್ರ್ಯಾಕ್ಟರುಗಳ ಗೇರ್‌ಬಾಕ್ಸು ಕಿರ್ರೆಂದು ಹಲ್ಲು ಕಡಿಯುತ್ತದೆಯೇ ಹೊರತು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಳೆಯ ಲಾರಿ ಡ್ರೈವರುಗಳು ಇದಕ್ಕೆ ಡಬಲ್ ಕ್ಲಚ್ ಹೊಡೆಯುತ್ತಿದ್ದರು: ಕ್ಲಚ್ಚು ಒತ್ತಿ ನ್ಯೂಟ್ರಲ್, ಕ್ಲಚ್ಚು ಬಿಟ್ಟು ಒಂದು ರೇಸು, ಮತ್ತೆ ಕ್ಲಚ್ಚು ಒತ್ತಿ ಕೆಳಗಿನ ಗೇರು. ಗೇರಿನ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಎಂಬ ಉಪಾಯ 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೂ ಮುಂಚಿನ ಡ್ರೈವರುಗಳೆಲ್ಲ ಕಿವಿಯಿಂದಲೇ ಗಾಡಿ ಓಡಿಸಿದವರು. ನ್ಯೂಟ್ರಲ್ ಆಗಿ ಸಿಕ್ಕಿಬಿದ್ದ ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತ ಹುಡುಗನಿಗೆ ಆ ಕಿವಿ ಇರಬೇಕು, ಇಲ್ಲವೇ ಇಳಿಯುವ ಮೊದಲೇ ನಿಲ್ಲಿಸಿ ‘ಲೋ’ಗೆ ಹಾಕುವ ಬುದ್ಧಿ ಇರಬೇಕು. ಡೀಸೆಲ್ ಉಳಿಯುತ್ತದೆಂದು ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಚಟ ನಮ್ಮಲ್ಲಿ ಎಷ್ಟಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ರಿವರ್ಸಿನದು ಇನ್ನೊಂದು ವಿದ್ಯೆ. ಒಂದು ಟ್ರೇಲರ್ ಕಟ್ಟಿದ್ದರೆ ಅದರ ಹಿಂಭಾಗ ಎಡಕ್ಕೆ ಹೋಗಬೇಕಾದಾಗ ಸ್ಟೇರಿಂಗ್ ಮೊದಲು ಬಲಕ್ಕೆ ತಿರುಗಿಸಬೇಕು. ಎರಡು ಕಟ್ಟಿದ್ದರೆ ಒಂದನೆಯದರ ಉಲ್ಟಾ ಎರಡನೆಯದು. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆಯುವ ಸ್ಪರ್ಧೆ ಇಡುತ್ತಾರೆ. ಜೋಡೆತ್ತಿನ ಗಾಡಿ ಶರ್ಯತ್ತಿಗೆ ಸೇರುವಷ್ಟೇ ಮಂದಿ ಅದಕ್ಕೂ ಸೇರುತ್ತಾರೆ. ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಒಂದು ಕೈ ಮಡ್‌ಗಾರ್ಡಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸ್ಟೇರಿಂಗನ್ನು ಎಳೆ ಎಳೆಯಾಗಿ ಬಿಚ್ಚುವವನ ಹಾಗೆ ತಿರುಗಿಸುತ್ತ, ಸುಣ್ಣದ ಗೆರೆ ದಾಟದೆ ಹಿಂದಕ್ಕೆ ಓಡುವವನನ್ನು ನೋಡಬೇಕು. ಅವನಿಗೆ ಯಾವ ಡ್ರೈವಿಂಗ್ ಸ್ಕೂಲೂ ಅದನ್ನು ಕಲಿಸಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಗುರುಗಳ ಕಾಲ ಬುಡಕ್ಕೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ನಿಯಮದ ಪ್ರಕಾರ ಇರಲೇಬೇಕು, ಸರಿ. ಆದರೆ ಹದಿನೈದು ದಿನ ಕಲಿತ ಮೇಲೂ ಸ್ಟೇರಿಂಗ್ ಒಂದೇ ನಮ್ಮದು, ಉಳಿದದ್ದೆಲ್ಲ ಗುರುಕೃಪೆ ಎಂದು ಅನ್ನಿಸುವುದು ನನಗೊಬ್ಬನಿಗೇ ಅಲ್ಲವೆಂದು ಕಾಣುತ್ತದೆ.

ನಾವು ‘ಗಾಡಿ ಹೊಡಿ’ ಎನ್ನುವುದನ್ನು ಬೆಂಗಳೂರಿನವರು ‘ಗಾಡಿ ಓಡಿಸು’ ಎನ್ನುತ್ತಾರೆ. ಸರ್ಕಾರದ ಕಾಗದ ‘ಚಲಾಯಿಸು’ ಎನ್ನುತ್ತದೆ. ಹೊಡೆಯುವುದು ಎತ್ತಿನಿಂದ ಬಂದ ಮಾತು. ಬಾರುಕೋಲು ಹೋಯಿತು, ಕ್ರಿಯಾಪದ ಉಳಿಯಿತು. ಗಡಿಯಾಚೆ ಮರಾಠಿಯವರು ಎತ್ತಿನ ಗಾಡಿ ಹೊಡೆಯುವುದಕ್ಕೆ ‘ಹಾಕಣೆ’ ಎನ್ನುತ್ತಾರೆ, ಇಂಗ್ಲಿಷಿನ ‘ಡ್ರೈವ್’ ಕೂಡ ಮೂಲದಲ್ಲಿ ದನ ಅಟ್ಟುವ ಮಾತೇ. ಸಾಮಾನಿನ ಹೆಸರುಗಳ ದಾರಿ ಇನ್ನೂ ವಿಚಿತ್ರ. ಹೆಚ್ಚಿನ ಗಾಲಿಗೆ ನಾವು ‘ಸ್ಟೆಪ್ನಿ’ ಎನ್ನುತ್ತೇವೆ. ವೇಲ್ಸ್‌ನ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವೀಸ್ ಸಹೋದರರು ಹೆಚ್ಚಿನ ಗಾಲಿ ಮಾಡಿ ಮಾರತೊಡಗಿದರು. ಆ ಕಾಲದ ಕಾರುಗಳಿಗೆ ಅದು ಇರುತ್ತಲೇ ಇರಲಿಲ್ಲ. ಇಂಗ್ಲೆಂಡಿನವರು ಆ ಹೆಸರನ್ನು ಎಂದೋ ಮರೆತರು. ಪಂಚರ್ ಅಂಗಡಿಯ ನಮ್ಮ ಹುಡುಗ ಮರೆತಿಲ್ಲ. ಬ್ರೆಜಿಲಿನವರೂ ಮರೆತಿಲ್ಲ, ಅವರದು ‘ಎಸ್ಟೆಪಿ’. (ನಮ್ಮಲ್ಲಿ ಆ ಪದಕ್ಕೆ ಹತ್ತಿಕೊಂಡ ಇನ್ನೊಂದು ಅರ್ಥ ಇಲ್ಲಿ ಬೇಡ.) ಹಳೆಯ ಇಂಗ್ಲಿಷ್ ಕಾರುಗಳ ಹಿಂದೆ ಮಡಚಿ ತೆಗೆಯುವ ಸೀಟಿಗಿದ್ದ ‘ಡಿಕಿ’ ಎಂಬ ಹೆಸರು ನಮ್ಮಲ್ಲಿ ಸಾಮಾನು ಇಡುವ ‘ಡಿಕ್ಕಿ’ಯಾಗಿದೆ, ಗುದ್ದುವುದಕ್ಕೂ ಅದೇ ಮಾತು ಕನ್ನಡದಲ್ಲಿ ಇರುವುದರಿಂದ ‘ಡಿಕ್ಕಿಗೆ ಡಿಕ್ಕಿ’ ಎಂದು ದೂರು ಬರೆಸಬೇಕಾದೀತು. ಬಾನೆಟ್ಟು ಅಮೆರಿಕದಲ್ಲಿ ‘ಹುಡ್’, ಸೈಲೆನ್ಸರ್ ‘ಮಫ್ಲರ್’, ಪೆಟ್ರೋಲು ‘ಗ್ಯಾಸ್’. ಅಕ್ಕನ ಮಗ ಗ್ಯಾಸ್ ಹಾಕಿಸಬೇಕೆಂದಾಗ ಅಕ್ಕ ಸಿಲಿಂಡರಿನ ಪುಸ್ತಕ ಹುಡುಕಿದಳು.

ಹೆಸರು ಬೇರೆಯಾದರೆ ನಗು ಬರುತ್ತದೆ, ಅಷ್ಟೇ. ಸನ್ನೆ ಬೇರೆಯಾದರೆ ಜೀವ ಹೋಗುತ್ತದೆ.

ಅಥಣಿಯಿಂದ ಕಾಗವಾಡದ ಕಡೆ ಒಂದು ಸಂಜೆ ಟ್ರಕ್ಕಿನ ಹಿಂದೆ ಹೋಗುತ್ತಿದ್ದೆ. ಟ್ರಕ್ಕಿನವನು ಬಲಗಡೆಯ ಇಂಡಿಕೇಟರ್ ಹಾಕಿದ. ನಾನು ಕಲಿತ ಕಾಲದಲ್ಲಿ ಅದರ ಅರ್ಥ ‘ಮುಂದೆ ಬಯಲಿದೆ, ಹೋಗು’. ಇದು ಯಾರೋ ಕಟ್ಟಿದ ಕಥೆಯಲ್ಲ. ಹಿಂದಿನವರಿಗೆ ಮುಂದೆ ಹೋಗಲು ಬಿಡಬೇಕಾದರೆ ಬಲಗೈ ಹೊರಗೆ ಚಾಚಿ ಹಿಂದಿನಿಂದ ಮುಂದಕ್ಕೆ ಬೀಸಬೇಕೆಂದು 1989ರ ರಸ್ತೆ ನಿಯಮಗಳೇ ಹೇಳುತ್ತಿದ್ದವು. ಕೈಯ ಬದಲು ದೀಪ ಬಂತು, ಬಲಗೈ ಹೋಗಿ ಬಲದ ಇಂಡಿಕೇಟರ್ ಆಯಿತು. ನಾನು ಬಲಕ್ಕೆ ಎಳೆದು ರೇಸು ಕೊಟ್ಟೆ. ಟ್ರಕ್ಕು ಕೂಡ ಬಲಕ್ಕೇ ತಿರುಗಿತು. ಅಲ್ಲಿ ತೋಟಕ್ಕೆ ಹೋಗುವ ದಾರಿಯಿತ್ತು, ಅವನು ನಿಜವಾಗಿಯೂ ತಿರುಗುವವನೇ ಇದ್ದ. ಎಡಗಾಲು ಬಲಗಾಲು ಎರಡನ್ನೂ ಒತ್ತಿ ನಿಂತಾಗ ನನ್ನ ಕಾರಿನ ಮೂತಿಗೂ ಅವನ ಗಾಲಿಗೂ ನಡುವೆ ಒಂದು ಕುರ್ಚಿ ಹಾಕುವಷ್ಟು ಜಾಗ. ಇಬ್ಬರಲ್ಲಿ ಯಾರದೂ ತಪ್ಪಲ್ಲ, ಅವನು ಪುಸ್ತಕದ ಭಾಷೆ ಆಡಿದ, ನಾನು ರಸ್ತೆಯ ಭಾಷೆ ಕೇಳಿದೆ. ಮುಂದಿನ ದೀಪ ಮಿಣುಕಿಸುವುದರ ಅರ್ಥವೂ ಹೀಗೆಯೇ. ಇಂಗ್ಲೆಂಡಿನ ರೂಢಿಯಲ್ಲಿ ‘ನೀವು ಮೊದಲು ಹೋಗಿ’ ಎಂಬ ಸೌಜನ್ಯ. ನಮ್ಮಲ್ಲಿ ‘ನಾನು ಬರುತ್ತಿದ್ದೇನೆ, ಸರಿ ಆಚೆ’. ಮಂಗಳೂರಿನಿಂದ ಲಂಡನ್ನಿಗೆ ಹೋದವನಾಗಲಿ, ಲಂಡನ್ನಿನಿಂದ ನಿಪ್ಪಾಣಿಗೆ ಬಂದವನಾಗಲಿ, ಇದನ್ನು ಉಲ್ಟಾ ತಿಳಿದರೆ ಹೇಳಿಕೊಳ್ಳಲು ಇರುವುದಿಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುವುದು ಜಪಾನಿನಲ್ಲಿ ದಾರಿ ಬಿಟ್ಟವರಿಗೆ ಹೇಳುವ ಧನ್ಯವಾದ. ನಮ್ಮಲ್ಲಿ ಅದು ‘ನೇರ ಹೋಗುತ್ತೇನೆ’ ಎಂಬ ತಪ್ಪು ಸುದ್ದಿ.

ಕೈಕಾಲಿನ ಲೆಕ್ಕ ಇದಕ್ಕಿಂತ ಸಲೀಸು. ಜಗತ್ತಿನ ಯಾವ ಗೇರಿನ ಕಾರಿನಲ್ಲಿ ಕೂತರೂ ಎಡಗಾಲಿಗೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಎಕ್ಸಲೇಟರ್. ಸ್ಟೇರಿಂಗ್ ಎಡಕ್ಕೆ ಹೋದರೂ ಪೆಡಲುಗಳ ಸಾಲು ಬದಲಾಗುವುದಿಲ್ಲ. ಬದಲಾಗುವುದು ಕೈ. ಎಡಗೈಯಲ್ಲಿ ಕೊಡಬೇಡ, ಎಡಗೈಯಲ್ಲಿ ತಗೋಬೇಡ ಎಂದು ಬೆಳೆಸಿದ ನಮಗೆ ಗೇರು ಮಾತ್ರ ಎಡಗೈದು. ರಸ್ತೆಯ ಬದಿಯ ವಿಷಯದಲ್ಲಿ ಬೆಳಗಾವಿಯವರು ಒಂದು ಫಜೀತಿಯಿಂದ ಪಾರಾಗಿದ್ದಾರೆ. ಪೋರ್ಚುಗಲ್ 1928ರಲ್ಲಿ ಎಡದಿಂದ ಬಲಕ್ಕೆ ಹಾರಿತು, ಆದರೆ ಗೋವೆಯನ್ನು ಎಡದಲ್ಲೇ ಬಿಟ್ಟಿತು, ನೆರೆಯ ಬ್ರಿಟಿಷ್ ಸೀಮೆ ಎಡದಲ್ಲಿದ್ದುದರಿಂದ. ಇಲ್ಲದಿದ್ದರೆ ಅನಮೋಡದ ಗಡಿಯಲ್ಲಿ ಗಾಡಿಗಳು ಅಡ್ಡದಾಟಿ ಬದಿ ಬದಲಿಸಬೇಕಾಗುತ್ತಿತ್ತು, ಈಗ ಮಣಿಪುರದ ಮೋರೆಯಿಂದ ಮ್ಯಾನ್ಮಾರಿಗೆ ದಾಟುವವರು ಮಾಡುವ ಹಾಗೆ. ಸ್ವೀಡನ್ನಿನವರು 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶವನ್ನೇ ಎಡದಿಂದ ಬಲಕ್ಕೆ ಸರಿಸಿದರು. ವರ್ಷಗಟ್ಟಲೆ ಕಲಿಸಿ, ತಿಳಿಹೇಳಿ, ಆಮೇಲೆ ಸರಿಸಿದರು. ರೂಢಿ ಬದಲಿಸಬಹುದು, ಸುಮ್ಮನೆ ಬದಲಾಗುವುದಿಲ್ಲ ಎನ್ನುವುದಕ್ಕೆ ಅದೊಂದು ಸಾಕ್ಷಿ.

ಮತ್ತೆ ಗೇರಿಗೆ ಬರೋಣ. ಬೇರೆ ದೇಶಗಳು ಈ ಗಂಟನ್ನು ಬಿಡಿಸಿಕೊಂಡದ್ದು ಹೇಗೆ? ಬ್ರಿಟನ್ನಿನಲ್ಲಿ ಕ್ಲಚ್ಚಿಲ್ಲದ ಕಾರಿನಲ್ಲಿ ಪಾಸಾದವನಿಗೆ ಅಂಥ ಕಾರಿನ ಲೈಸೆನ್ಸ್ ಮಾತ್ರ. ಲೈಸೆನ್ಸಿನ ಮೇಲೆ 78 ಎಂಬ ಸಂಖ್ಯೆ ಬೀಳುತ್ತದೆ, ಯುರೋಪಿನ ಒಕ್ಕೂಟದಲ್ಲೂ ಅದೇ ಸಂಖ್ಯೆ. ಗೇರಿನ ಕಾರಿನಲ್ಲಿ ಪಾಸಾದವನು ಎರಡನ್ನೂ ಓಡಿಸಬಹುದು. ಜಪಾನ್ 1991ರಲ್ಲಿ ಆಟೋಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸ್ ತಂದಿತು. ಜರ್ಮನಿಯದು ಎಲ್ಲಕ್ಕಿಂತ ವಿವೇಕದ ಹಾದಿ ಎನ್ನಬೇಕು. 2021ರ ಏಪ್ರಿಲ್‌ನಿಂದ ಅಲ್ಲಿ ಪರೀಕ್ಷೆಯನ್ನು ಕ್ಲಚ್ಚಿಲ್ಲದ ಕಾರಿನಲ್ಲೇ ಕೊಡಬಹುದು. ಆದರೆ ಕನಿಷ್ಠ ಹತ್ತು ಪಾಠ ಗೇರಿನ ಕಾರಿನಲ್ಲಿ ಕಲಿತು, ಶಾಲೆಯಲ್ಲೇ ಕಾಲು ಗಂಟೆಯ ಚಿಕ್ಕ ಪರೀಕ್ಷೆ ದಾಟಿದರೆ ಎರಡಕ್ಕೂ ಪರವಾನಗಿ. ಇಲ್ಲದಿದ್ದರೆ 78. ಯಾರನ್ನೂ ತಡೆಯಲಿಲ್ಲ, ಯಾರಿಗೂ ಸುಳ್ಳು ಸರ್ಟಿಫಿಕೇಟು ಕೊಡಲಿಲ್ಲ.

ಕ್ಲಚ್ಚಿಲ್ಲದ ಗಾಡಿಗೆ ತರಬೇತಿಯೇ ಬೇಡ ಎಂದೂ ಇದರ ಅರ್ಥವಲ್ಲ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವಯಸ್ಸಿನ ಹಿರಿಯರೊಬ್ಬರು ಬ್ರೇಕೆಂದು ಎಕ್ಸಲೇಟರ್ ತುಳಿದು ತಾಯಿ-ಮಗಳಿಬ್ಬರ ಸಾವಿಗೆ ಕಾರಣರಾದರು. ಕಾರಿನದೇ ದೋಷ ಎಂದು ಅವರು ವಾದಿಸಿದರು, ನ್ಯಾಯಾಲಯ ಒಪ್ಪಲಿಲ್ಲ. ಗೇರಿನ ಕಾರಿನಲ್ಲಿ ಗಾಬರಿಯಾದವನು ಎರಡೂ ಕಾಲು ಒತ್ತುತ್ತಾನೆ, ನಾನು ಕಾಗವಾಡದ ದಾರಿಯಲ್ಲಿ ಒತ್ತಿದ ಹಾಗೆ; ಬಲಗಾಲು ತಪ್ಪಿದರೂ ಕ್ಲಚ್ಚು ಎಂಜಿನನ್ನು ಗಾಲಿಯಿಂದ ಬಿಡಿಸಿಬಿಡುತ್ತದೆ. ಕ್ಲಚ್ಚಿಲ್ಲದ ಕಾರಿನಲ್ಲಿ ಆ ಎರಡನೆಯ ಅವಕಾಶ ಇಲ್ಲ. ಎಡಗಾಲನ್ನು ಸುಮ್ಮನಿರಿಸುವುದೂ ಒಂದು ಕಲಿಕೆಯೇ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲೋ ಕೊಂಕಣಕ್ಕೆ ಇಳಿಯುವ ಆಂಬೋಲಿ ಘಾಟಿನಲ್ಲೋ ಬರೀ ಬ್ರೇಕು ತುಳಿಯುತ್ತ ಇಳಿದು, ಸುಟ್ಟ ವಾಸನೆ ಬಂದ ಮೇಲೆ ಗಾಬರಿಯಾಗುವವರಲ್ಲಿ ಆಟೋಮ್ಯಾಟಿಕ್ ಕಾರಿನವರೂ ಇದ್ದಾರೆ. ಅವರ ಗೇರಿನ ಹತ್ತಿರವೇ ‘ಎಲ್’ ಅಥವಾ ‘ಎಂ’ ಎಂಬ ಅಕ್ಷರವಿರುತ್ತದೆ. ಅದು ಯಾಕಿದೆ ಎಂದು ಮಾರಿದವರೂ ಹೇಳಿರುವುದಿಲ್ಲ, ಪರೀಕ್ಷಿಸಿದವರೂ ಕೇಳಿರುವುದಿಲ್ಲ.

ನಮ್ಮಲ್ಲಿ ಕ್ಲಚ್ಚು ಮಾಯವಾಗತೊಡಗಿದ್ದು ಹೊರಗಿನಿಂದ ಬಂದ ಸಿರಿವಂತರ ಕಾರಿನಿಂದ ಮಾತ್ರವಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂತು, ಗೇರೇ ಇಲ್ಲದ್ದು. ಲಂಡನ್ನಿನ ಬೀದಿಗಳಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. 2014ರ ಫೆಬ್ರುವರಿಯಲ್ಲಿ ಮಾರುತಿಯ ಸೆಲೆರಿಯೊ ಬಂದ ಮೇಲೆ ಸಂಬಳದಾರರ ಮನೆಗೂ ಕ್ಲಚ್ ಪೆಡಲಿಲ್ಲದ ಕಾರು ಬಂತು. ಅದರೊಳಗೆ ಕ್ಲಚ್ಚೂ ಇದೆ, ಹಳೆಯ ಗೇರ್‌ಬಾಕ್ಸೂ ಇದೆ. ಕಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ತಮಾಷೆ ಎಂದರೆ ಇದೇ ಕರ್ನಾಟಕ ಹೊರದೇಶಗಳಿಗೆ ಗೇರಿನ ಪೆಟ್ಟಿಗೆಗಳನ್ನೂ ಕಳಿಸುತ್ತಿದೆ. 2004ರಿಂದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆ ಕೈಯಿಂದ ಬದಲಿಸುವ ಗೇರ್‌ಬಾಕ್ಸುಗಳನ್ನು ಹಡಗಿಗೇರಿಸುತ್ತ ಬಂದಿದೆ. ಆ ಹೆಸರಿನ ಮೂಲ ನಮ್ಮ ಬೆಳಗಾವಿಯಲ್ಲಿದೆ: ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಹತ್ತುತ್ತದೆ ಎಂದು ಹೆದರಿ ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲವಂತೆ. ಆಟೋಮ್ಯಾಟಿಕ್ ಕಂಡು ಮೂಗು ಮುರಿಯುವ ನಮ್ಮ ಮಾವನಿಗೆ ಈ ಕಥೆ ಹೇಳಿದ್ದೇನೆ. ಪ್ರಯೋಜನವಾಗಿಲ್ಲ.

ನಾನು ಕೇಳುವುದು ಇಷ್ಟು. ಸ್ಕೂಟಿಗೂ ಬೈಕಿಗೂ ಲೈಸೆನ್ಸಿನಲ್ಲಿ ಇರುವ ಗೆರೆ ಕಾರಿಗೂ ಬರಲಿ. ಕ್ಲಚ್ಚಿಲ್ಲದ ಕಾರಿನಲ್ಲಿ ಪಾಸಾದವರಿಗೆ ಆ ಗುರುತು ಬೀಳಲಿ, ಮುಂದೆ ಗೇರು ಕಲಿಯಬೇಕೆಂದವರಿಗೆ ಜರ್ಮನಿಯವರ ಹಾಗೆ ಹತ್ತು ಪಾಠದ ಬಾಗಿಲು ತೆರೆದಿರಲಿ. ಟ್ರೇಲರ್ ಕಟ್ಟುವವರಿಗೆ ಟ್ರೇಲರ್ ಕಟ್ಟಿಸಿಯೇ ಪರೀಕ್ಷೆ ಆಗಲಿ. ಇದರಿಂದ ಏಜೆಂಟರಿಗೆ ಇನ್ನೊಂದು ಗಿರಾಕಿ ಸಿಗುತ್ತದೆ, ಬೇರೇನೂ ಆಗುವುದಿಲ್ಲ ಎನ್ನುವವರಿದ್ದಾರೆ. ಆ ಅನುಮಾನಕ್ಕೆ ನಮ್ಮ ಅನುಭವದಲ್ಲಿ ಆಧಾರವಿಲ್ಲವೆಂದು ನಾನೂ ಹೇಳಲಾರೆ. ಆದರೆ ಎರಡು ಗಾಲಿಯ ವಿಷಯದಲ್ಲಿ ಆ ಗೆರೆ ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದಿದೆ, ಅದು ಬೇಡವೆಂದು ಯಾರೂ ಅರ್ಜಿ ಹಾಕಿದ್ದು ಕಾಣೆ. ಇನ್ನು ಸನ್ನೆಗಳ ಮಾತು. ಬಲದ ಇಂಡಿಕೇಟರ್ ತಿರುಗುವುದಕ್ಕೆ ಮಾತ್ರ, ದಾರಿ ಬಿಡುವುದಕ್ಕಲ್ಲ ಎಂಬುದನ್ನು ಇಲಾಖೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ ಕೊಗನೊಳ್ಳಿಯಿಂದ ಕಾಗವಾಡದವರೆಗೆ ಗಡಿಯ ರಸ್ತೆಗಳಲ್ಲಿ ನಿಲ್ಲಿಸಬಹುದು. ಕೆಎ 23ರ ಗಾಡಿಗಳೂ ಎಂಎಚ್ 09, ಎಂಎಚ್ 10ರ ಗಾಡಿಗಳೂ ದಿನವೂ ಒಂದೇ ಡಾಂಬರಿನ ಮೇಲೆ ಮಾತಾಡಿಕೊಳ್ಳುತ್ತವೆ.

ಕಾನೂನು ತಿದ್ದಲು ದೆಹಲಿಯಾಗಬೇಕು, ಅದಕ್ಕೆ ಎಷ್ಟು ಹಂಗಾಮು ಹಿಡಿಯುತ್ತದೋ. ಅಲ್ಲಿಯವರೆಗೆ ಟ್ರ್ಯಾಕ್ಟರ್ ಇಟ್ಟ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ಸೀಮೆಯ ಕಾಕಾಗಳಲ್ಲಿ ಒಂದು ವಿನಂತಿ. ಈ ಸಲ ಹುಡುಗನಿಗೆ ಕೀಲಿ ಕೊಡುವ ಮೊದಲು ಮೂರನೆಯ ಪ್ರಶ್ನೆಯನ್ನೂ ಕೇಳಿ. ಕಾಲುವೆಯ ಏರಿನ ಮೇಲೆ, ಅರ್ಧ ತುಂಬಿದ ಒಂದೇ ಟ್ರೇಲರ್ ಕಟ್ಟಿ, ನಿಲ್ಲಿಸು ಅನ್ನಿ. ಗಾಲಿಯ ಹಿಂದೆ ಒಂದು ಮೊಳ ಬಿಟ್ಟು ಎರಡು ದೊಡ್ಡ ಕಲ್ಲು ಇಡಿ, ಸುತ್ತ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಆಮೇಲೆ ಗಾಡಿ ಎತ್ತಲು ಹೇಳಿ. ಟ್ರೇಲರಿನ ಗಾಲಿ ಕಲ್ಲಿಗೆ ತಾಗಿದರೆ ಆ ಹುಡುಗನಿಗೆ ಇನ್ನೂ ಎಂಟು ದಿನ ಹೊಲದಲ್ಲೇ ಹೊಡೆಯಲು ಬಿಡಿ.